ಕೆಂಚಿಯ ಎಡಗಣ್ಣು

ಜಟ್ಟೆಪ್ಪನಿಗೆ ಮಾತು ಕಡಿಮೆ ಎಂದು ಯಾರಾದರೂ ಅಂದರೆ ಭಟ್ಟಿಯ ಜನ ನಗುತ್ತಿದ್ದರು. ಇದ್ದರಲ್ಲವೇ ಕಡಿಮೆಯಾಗುವುದು! ಶಹಾಬಾದದ ರೇವಣಪ್ಪ ಸಾವಕಾರರ ಸುಣ್ಣದ ಭಟ್ಟಿಗೆ ಅವನು ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದರೆ ಚೀಲ ಅರ್ಧವೂ ಆಗುತ್ತಿರಲಿಲ್ಲ. ಅದರಲ್ಲೂ ಮುಕ್ಕಾಲು ಪಾಲು ಬರೀ ‘ಹೂಂ’. ಸೊಕ್ಕಿನ ಮನುಷ್ಯ ಎಂದು ಕೆಲವರು ಅಂದರು. ಸೊಕ್ಕೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಮಾತು ಬೇಡವಾಗಿತ್ತು, ಅಷ್ಟೇ.

ಅವನು ಹುಟ್ಟಿದ್ದು ಚಿತ್ತಾಪುರದ ಕಡೆ, ಕಾಗಿಣಾ ಹೊಳೆಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಅಪ್ಪ, ಅಜ್ಜ ಎಲ್ಲರೂ ಹರಿಗೋಲು ಹಾಕಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದವರು. ಇವನೂ ಅದೇ ಕಸುಬು ಹಿಡಿದಿದ್ದ. ಮದುವೆಯಾದ ಎರಡನೇ ವರ್ಷ ಹೆಂಡತಿ ಚಂದಮ್ಮನಿಗೆ ಹೆರಿಗೆ ನೋವು ಬಂದ ದಿನ ಸೂಲಗಿತ್ತಿ ಆಚೆ ದಡದಲ್ಲಿದ್ದಳು, ಹೊಳೆ ತುಂಬಿತ್ತು. ಮೂರು ಸಲ ಹರಿಗೋಲು ಇಳಿಸಿದ. ಮೂರು ಸಲವೂ ಸೆಳವು ಅವನನ್ನು ಎಳೆದು ತಂದು ಈಚೆ ದಡಕ್ಕೇ ಬಿಸಾಕಿತು. ಸಂಜೆಯಷ್ಟೊತ್ತಿಗೆ ಸೂಲಗಿತ್ತಿಯನ್ನು ಕರೆತರುವ ಅಗತ್ಯವೇ ಉಳಿಯಲಿಲ್ಲ. ತಾಯಿ, ಮಗು ಇಬ್ಬರ ಕರ್ಮ ಮುಗಿದ ಮಾರನೆಯ ದಿನ ಹರಿಗೋಲನ್ನು ಬೋರಲು ಹಾಕಿ, ಯಾರಿಗೂ ಹೇಳದೆ, ನೀರು ಕಣ್ಣಿಗೆ ಬೀಳದ ಕಡೆ ಬದುಕಬೇಕೆಂದು ನಡೆದುಬಿಟ್ಟ. ನೀರಿನ ಮೇಲೆ ಸಿಟ್ಟು ಮಾಡಿಕೊಂಡವನಿಗೆ ಸುಣ್ಣದ ಭಟ್ಟಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ಶಹಾಬಾದದಲ್ಲಿ ನೆಲ ಅಗೆದರೆ ಕಲ್ಲು. ಒಳ್ಳೆಯ ಕಲ್ಲು ನೆಲಕ್ಕೆ ಹಾಸುವ ಫರಸಿಯಾಗಿ ರೈಲು ಹತ್ತಿ ಹೈದರಾಬಾದಿನ ಹವೇಲಿಗಳಿಗೆ ಹೋಗುತ್ತಿತ್ತು. ಒಡೆದದ್ದು, ಸೀಳಿದ್ದು ಭಟ್ಟಿಗೆ ಬೀಳುತ್ತಿತ್ತು. ಕಲ್ಲಿದ್ದಲಿನ ಜೊತೆ ನಾಲ್ಕು ದಿನ ಬೆಂದ ಆ ಕಲ್ಲು ಬೆಳ್ಳಗೆ, ಹಗುರಾಗಿ, ಮುಟ್ಟಿದರೆ ಪುಡಿಯಾಗುವ ಸುಟ್ಟ ಸುಣ್ಣವಾಗಿ ಹೊರಬರುತ್ತಿತ್ತು. ಅದರ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ಚುಂಯ್ ಎಂದು ಕುದಿಯುತ್ತದೆ. ಅದಕ್ಕೇ ಭಟ್ಟಿಯ ಬಾಯಿಯ ಹತ್ತಿರ ನೀರು ತರುವಂತಿರಲಿಲ್ಲ. ಸುಣ್ಣ ಅರಳಿಸುವ ಹೊಂಡ, ಅದಕ್ಕೆ ಬೇಕಾದ ನೀರಿನ ಕೊಡಗಳು ಎಲ್ಲ ನೂರು ಹೆಜ್ಜೆ ಆಚೆ.

ಹೊಸಬರು ಯಾರೇ ಕೆಲಸಕ್ಕೆ ಬರಲಿ, ಆಳುಗಳ ಮೇಲೆ ಕಣ್ಣಿಡುವ ಮುಕಾದಮ ಸಾಯಬಣ್ಣ ಮೊದಲು ಕಲಿಸುತ್ತಿದ್ದ ಪಾಠ ಒಂದೇ.

“ಸುಣ್ಣ ಕಣ್ಣಿಗಿ ಬಿತ್ತಂದ್ರ ಜೀವ ಹೋದ್ರೂ ನೀರು ಮುಟ್ಟಬ್ಯಾಡ್ರಿ. ಔಡಲೆಣ್ಣಿ ಬಿಡ್ರಿ, ಅರಿವಿ ಕಟ್ಟ್ರಿ, ಸುಮ್ಕ ಮಲಕೋರಿ.”

ಅದಕ್ಕೊಂದು ಕಥೆಯೂ ಇತ್ತು. ಆಡಕಿ ಊರಿನಿಂದ ಬಂದಿದ್ದ ಒಬ್ಬ ಗಂಡಸು ಕಣ್ಣಿಗೆ ಸುಣ್ಣ ಬಿದ್ದಾಗ ಓಡಿ ಹೋಗಿ ಒಂದು ಬೊಗಸೆ ನೀರು ಎರಚಿಕೊಂಡನಂತೆ, ಕಣ್ಣು ಅಲ್ಲೇ ಬೆಂದು ಹೋಯಿತಂತೆ. ಸುಳ್ಳಲ್ಲ, ನಡೆದದ್ದೇ. ಸಾವಕಾರರ ನಾಲ್ಕು ಭಟ್ಟಿಗಳಲ್ಲಿ ನಾಲ್ಕು ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬಾಟಲಿಗಳು ದೇವರ ದೀಪದ ಹಾಗೆ ಗೂಡಿನಲ್ಲಿ ಕೂತಿದ್ದವು. ಬಾಟಲಿಯಿಂದ ಎಷ್ಟು ಕಣ್ಣು ಉಳಿದವು ಎಂದು ಕೇಳಿದವರಿಲ್ಲ.

ನೀರಿನ ಕಡೆ ದುಡಿಯುವವಳು ಭೀಮಬಾಯಿ. ಜಟ್ಟೆಪ್ಪನದೇ ಕುಲದವಳು, ಅವಳೂ ಹೊಳೆದಂಡೆಯಿಂದ ಬಂದವಳೇ. ಗಂಡ ಸತ್ತ ಮೇಲೆ ಕೊಡ ಹೊತ್ತು ಬದುಕುತ್ತಿದ್ದಳು. ಜಟ್ಟೆಪ್ಪ ಬಂದ ಮೂರನೇ ವರ್ಷ ಅವಳು ಸಾಯಬಣ್ಣನ ಮೂಲಕ ಒಂದು ಮಾತು ಹೇಳಿ ಕಳಿಸಿದ್ದಳು. ಅವರಲ್ಲಿ ಉಡಿಕಿಯ ಪದ್ಧತಿ ಉಂಟು. ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿದರೆ ಯಾರೂ ತಪ್ಪು ಅನ್ನುವುದಿಲ್ಲ. ‘ಮನಸ್ಸಿದ್ರ ಹೂಂ ಅನ್ನು, ಇಲ್ಲಂದ್ರ ಇಲ್ಲ ಅನ್ನು’ ಎಂದಿದ್ದಳು. ಜಟ್ಟೆಪ್ಪ ಹೂಂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಇಡೀ ಜಗತ್ತಿಗೆ ಹೂಂ ಅನ್ನುತ್ತಿದ್ದ ಮನುಷ್ಯ ಅಲ್ಲಿ ಮಾತ್ರ ಬಾಯಿ ಹೊಲಿದುಕೊಂಡ. ಒಂದು ತಿಂಗಳು ಕಾದ ಭೀಮಬಾಯಿ ಆಮೇಲೆ ಅವನ ಕಡೆ ನೋಡುವುದನ್ನೇ ಬಿಟ್ಟಳು. ದಿನಕ್ಕೆ ಹತ್ತು ಸಲ ಎದುರಾದರೂ ಹನ್ನೊಂದು ವರ್ಷ ಅವರ ನಡುವೆ ಒಂದು ಮಾತೂ ಇರಲಿಲ್ಲ.

ಇಂಥವನಿಗೆ ಒಂದು ನಾಯಿ ಗಂಟು ಬಿತ್ತು. ವಾಡಿಯ ಕಡೆಯಿಂದ ಕಲ್ಲಿದ್ದಲು ತರುವ ಬಂಡಿಯ ನೆರಳು ಹಿಡಿದು ಬಂದ ಹೆಣ್ಣುಮರಿ. ಮೈ ಕೆಂಪು, ಅದಕ್ಕೇ ಕೆಂಚಿ. ಹೆಸರು ಮಳೆಗಾಲದಲ್ಲಿ ಮಾತ್ರ ಖರೆ. ಉಳಿದ ಎಂಟು ತಿಂಗಳು ಸುಣ್ಣದ ಧೂಳು ಹತ್ತಿ ಬೆಳ್ಳಗೆ ಇರುತ್ತಿತ್ತು. ಭಟ್ಟಿಯ ಹಿಂಬದಿಯ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಮಲಗುವುದು, ಜಟ್ಟೆಪ್ಪ ಎದ್ದರೆ ಏಳುವುದು, ಅವನು ರೊಟ್ಟಿ ಮುರಿದರೆ ಎರಡನೇ ತುತ್ತು ತನ್ನದೆಂದು ಕಾಯುವುದು, ಇಷ್ಟೇ ಅದರ ದಿನಚರಿ. ಜಟ್ಟೆಪ್ಪ ಅದರ ಜೊತೆ ಮಾತಾಡುತ್ತಿದ್ದ. ಹೌದು, ಮಾತಾಡುತ್ತಿದ್ದ! ಗೋಡೆಯ ಆಚೆ ನಿಂತು ಸಾಯಬಣ್ಣ ಒಮ್ಮೆ ಕೇಳಿಸಿಕೊಂಡು ಬೆರಗಾಗಿದ್ದ. ಚಂದಮ್ಮನ ಹೆಸರು ಹೇಳಿ, ಹೊಳೆಯ ಹೆಸರು ಹೇಳಿ, ಆ ದಿನ ನಾಲ್ಕನೇ ಸಲ ಹರಿಗೋಲು ಇಳಿಸಬೇಕಿತ್ತೇನೇ ಎಂದು ನಾಯಿಯನ್ನು ಕೇಳುತ್ತಿದ್ದನಂತೆ. ಅದು ಕಿವಿ ನೆಟ್ಟಗೆ ಮಾಡಿ ಕೇಳುತ್ತಿತ್ತಂತೆ. ಅಷ್ಟು ಸಿಕ್ಕರೆ ಸಾಕಲ್ಲ ಮನುಷ್ಯನಿಗೆ.

ಕೆಂಚಿಗೆ ಮೂರು ವರ್ಷ ತುಂಬಿದ ಬೇಸಿಗೆಯಲ್ಲಿ ಮೊದಲ ಅನಾಹುತ ಆಯಿತು. ಭಟ್ಟಿ ಬಿಚ್ಚಿ ಸುಣ್ಣ ಹೊರಗೆ ಎಳೆಯುವ ದಿನ ಅದು ಭಟ್ಟಿಯ ಬಾಯಿಯ ಪಕ್ಕದಲ್ಲೇ ಮಲಗಿತ್ತು. ಮಧ್ಯಾಹ್ನ ನೋಡಿದರೆ ಬಲಗಣ್ಣನ್ನು ಕಿರಿದು ಮಾಡಿಕೊಂಡಿತ್ತು. ಮುಂಗಾಲಿನಿಂದ ಮುಖ ಕೆರೆಯುತ್ತಿತ್ತು, ಗೋಣಿಚೀಲಕ್ಕೆ ಕೆನ್ನೆ ತಿಕ್ಕುತ್ತಿತ್ತು. ಬೆಳ್ಳಗಿನ ಮುಖದ ಮೇಲೆ ಕಣ್ಣೀರು ಹರಿದು ಒಂದು ಕೆಂಪು ಗೆರೆ ಬಿದ್ದಿತ್ತು. ನಿದ್ದೆಗಣ್ಣು ಇರಬೇಕು ಎಂದುಕೊಂಡ ಜಟ್ಟೆಪ್ಪ. ಸಂಜೆಗೆ ರೆಪ್ಪೆ ಊದಿತು. ಬಿಡಿಸಿ ನೋಡಿದರೆ ಕಣ್ಣು ಕೆಂಡ, ಮೂಲೆಯಲ್ಲಿ ಸುಣ್ಣದ ಕಣ.

ಅವನು ಭಟ್ಟಿಯ ಮನುಷ್ಯ, ಭಟ್ಟಿಯವರು ಮಾಡುವುದನ್ನೇ ಮಾಡಿದ. ಗೂಡಿನ ಬಾಟಲಿ ಇಳಿಸಿದ, ನಾಯಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದ, ಕೋಳಿಯ ಗರಿಯಿಂದ ಔಡಲೆಣ್ಣೆ ಬಿಟ್ಟ. ಕೆಂಚಿ ಮನುಷ್ಯರ ಹಾಗೆ ಚೀರಿತು. ‘ಸುಮ್ಕಿರವ್ವಾ, ಸುಮ್ಕಿರು’ ಎಂದು ಅಳುತ್ತಲೇ ಇನ್ನೂ ಬಿಗಿಯಾಗಿ ಹಿಡಿದ. ಮೇಲೊಂದು ಅರಿವೆ ಕಟ್ಟಿದ. ಹೀಗೆ ಬೆಳಿಗ್ಗೆ ಸಂಜೆ ಎಂಟು ದಿನ. ಪ್ರೀತಿಯಿಂದ ಮಾಡಿದ, ಶ್ರದ್ಧೆಯಿಂದ ಮಾಡಿದ, ಒಂದು ಹೊತ್ತೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಒಳ್ಳೆಯದಿತ್ತು. ಎಂಟನೇ ದಿನ ಅರಿವೆ ಬಿಚ್ಚಿದಾಗ ಕಣ್ಣು ಬೇಯಿಸಿದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿತ್ತು.

ಆಗ ಅವನಿಗೆ ಹೊಳೆದದ್ದು ಚಿತ್ತಾಪುರದ ಸಲೋತ್ರಿ. ತಾಲೂಕು ಕಚೇರಿಯ ಕುದುರೆಗಳನ್ನು ನೋಡಿಕೊಳ್ಳುವ ಮೆಹತಾಬ್ ಎಂಬ ಮುದುಕ, ದನಕರುಗಳಿಗೂ ಔಷಧ ಕೊಡುತ್ತಾನೆ ಎಂದು ಕೇಳಿದ್ದ. ಕೆಂಚಿಯ ಕೊರಳಿಗೆ ಹಗ್ಗ ಹಾಕಿ ನಸುಕಿನಲ್ಲಿ ಹೊರಟ. ವಾಡಿಯ ಜಂಕ್ಷನ್ ದಾಟಿ ಹಳಿಯ ಗುಂಟ ನಡೆದು, ಬಿಸಿಲು ಇಳಿಯುವ ಹೊತ್ತಿಗೆ ಚಿತ್ತಾಪುರ ಮುಟ್ಟಿದ. ದಾರಿಯುದ್ದಕ್ಕೂ ನಾಯಿ ಹಗ್ಗದ ತುದಿಯಲ್ಲೇ ನಡೆಯಿತು, ಅವನ ಕಾಲ ಹತ್ತಿರ ಬರಲಿಲ್ಲ. ಸುಸ್ತಾಗಿದೆ ಎಂದುಕೊಂಡ.

ಮೆಹತಾಬ್ ಕುದುರೆಯ ಗೊರಸು ಕೆತ್ತುತ್ತಿದ್ದವನು ಎದ್ದು ಬಂದು, ಇವನ ಊರು, ಹಿಂದಿನ ಕಸುಬು ವಿಚಾರಿಸಿ ಕೂತ. ಕೈಯನ್ನು ಮೊದಲು ನಾಯಿಗೆ ಮೂಸಲು ಕೊಟ್ಟ, ಆಮೇಲೆ ಗದ್ದ ಹಿಡಿದು ಕಣ್ಣು ನೋಡಿದ. ಬಹಳ ಹೊತ್ತು ನೋಡಿದ.

“ಏನ್ ಹಾಕಿದಿ ಇದಕ್ಕ?”

“ಔಡಲೆಣ್ಣಿ, ಸಾಬ್.”

“ಅರೆ ಮಿಯಾ, ಸುಣ್ಣ ಒಳಗ ಇಟ್ಟು ಮ್ಯಾಲ ಎಣ್ಣಿ ಮುಚ್ಚಿ, ಅರಿವಿ ಕಟ್ಟಿದಿ. ಪಾತ್ರ್ಯಾಗ ಅನ್ನ ಮುಚ್ಚಿ ದಮ್ ಕೊಟ್ಟಂಗ. ಎಂಟು ದಿನ ನಿಧಾನಕ ಬೇಯಿಸಿದಿ.”

“ನೀರು ಹಾಕಿದ್ರ ಸುಣ್ಣ ಕುದಿತದಲ್ರಿ. ಭಟ್ಟಿ ಮಂದಿ ನಾವು, ನೀರು ಮುಟ್ಟಂಗಿಲ್ಲ.”

“ಬೊಗಸಿ ನೀರು ಹಾಕಿದ್ರ ಕುದಿತದ, ಖರೆ. ಕೊಡಗಟ್ಲೆ ಹಾಕಿದ್ರ ಕುದಿಲಿಕ್ಕ ಅದಕ್ಕ ಪುರಸತ್ತು ಎಲ್ಲಿ ಸಿಗ್ತದ? ಕೊಚ್ಚಿ ಹೋಗ್ತದ. ಹೊಳಿ ಮನುಷ್ಯಾ ಅಂತಿ, ಇಷ್ಟೂ ತಿಳಿಲಿಲ್ಲ?”

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮೆಹತಾಬನಿಗೆ ಅವನ ಮುಖ ಕಂಡು ಕನಿಕರ ಬಂದಿರಬೇಕು, ದನಿ ತಗ್ಗಿಸಿದ.

“ಈ ಕಣ್ಣು ಹೋಯ್ತು. ಇನ್ನೊಂದು ಕಾಯಿ. ಕೇಳು. ನಾಯಿಗಿ ಕಣ್ಣು ಉರಿದ್ರ ಬಾಯಿ ಬಿಟ್ಟು ಹೇಳಂಗಿಲ್ಲ. ಕಣ್ಣು ಮುಚ್ಚತದ, ನೀರು ಸುರಸ್ತದ, ನೆಲಕ್ಕ ಮಾರಿ ತಿಕ್ತದ. ಹಂಗ ತಿಕ್ಕಲಿಕ್ಕ ಬಿಡಬ್ಯಾಡ, ಗಾಜಿನ ಮ್ಯಾಲ ಉಸುಕು ತಿಕ್ಕಿದಂಗ ಕಣ್ಣು ಗೀರ್ತದ. ಸುಣ್ಣ ಬಿದ್ರ ಮೊದಲ ಒಣ ಅರಿವಿಲಿಂದ ಮಾರಿ ಮ್ಯಾಲಿಂದು ಝಾಡಿಸು. ಆಮ್ಯಾಲ ರೆಪ್ಪಿ ಬಿಡಿಸಿ ನೀರು ಸುರು. ಮೂಗಿನ ಕಡಿಂದ ಹೊರಗ ಹರಿಬೇಕು, ಇನ್ನೊಂದು ಕಣ್ಣಿಗಿ ಹೋಗಬಾರದು. ನಿಲ್ಲಸಬ್ಯಾಡ. ನಿನ್ನ ಕೈ ನೋಯೂತನಕ ಅಲ್ಲ, ಅದರ ಮ್ಯಾಲೂ ಸುರು. ಎಣ್ಣಿ, ಕಾಡಗಿ, ಅರಿಶಿಣ ಏನೂ ಹಚ್ಚಬ್ಯಾಡ. ಕತ್ತಲ ಮನ್ಯಾಗ ಮಲಗಿಸಿ ನನ್ನ ಹತ್ರ ಬಾ.”

ಜಟ್ಟೆಪ್ಪ ಪ್ರತಿಯೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡ. ಶಹಾಬಾದಕ್ಕೆ ಬಂದ ಮೇಲೆ, ಅವನ ಮಟ್ಟಿಗೆ ಅದೊಂದು ದೊಡ್ಡ ಸಾಹಸ, ಸಾಯಬಣ್ಣನ ಹತ್ತಿರ ಹೋಗಿ ಹೇಳಿಯೂ ಹೇಳಿದ. ಸಾಯಬಣ್ಣ ಹೊಟ್ಟೆ ಹಿಡಿದು ನಕ್ಕ. “ಕುದುರಿ ವೈದ್ಯ ನಮಗ ಸುಣ್ಣದ ವಿದ್ಯಾ ಕಲಸ್ತಾನೇನೋ?” ಎಂದ. ಎರಡನೇ ಸಲ ಹೇಳುವ ಅಭ್ಯಾಸ ಜಟ್ಟೆಪ್ಪನಿಗೆ ಇರಲಿಲ್ಲ.

ಕೆಂಚಿ ಮಾತ್ರ ಮೊದಲಿನ ಕೆಂಚಿಯಾಗಿ ಉಳಿಯಲಿಲ್ಲ. ಅದಕ್ಕೆ ಉದ್ದೇಶ ಗಿದ್ದೇಶ ಎಲ್ಲ ಎಲ್ಲಿ ತಿಳಿಯಬೇಕು? ಅದಕ್ಕೆ ತಿಳಿದದ್ದು ಇಷ್ಟು: ಈ ಮನುಷ್ಯನ ಕೈ ಮುಖದ ಹತ್ತಿರ ಬಂದರೆ ಕಣ್ಣು ಉರಿಯುತ್ತದೆ. ರೊಟ್ಟಿ ಹಾಕಿದರೆ ದೂರ ನಿಂತು ಕಾಯುತ್ತಿತ್ತು; ಅವನು ಎದ್ದು ಹೋದ ಮೇಲೆ ಬಂದು ತಿನ್ನುತ್ತಿತ್ತು. ಕುರುಡಾದ ಬಲಗಡೆಯಿಂದ ಅವನು ಅರಿಯದೆ ಹತ್ತಿರ ಹೋದರಂತೂ ಬೆಚ್ಚಿ ಓಡುತ್ತಿತ್ತು. ಮಲಗುವ ಜಾಗವನ್ನೂ ಬದಲಿಸಿತು. ಬೆಚ್ಚನೆಯ ಗೋಡೆ ಬಿಟ್ಟು, ನೂರು ಹೆಜ್ಜೆ ಆಚೆ, ಭೀಮಬಾಯಿಯ ನೀರಿನ ಕೊಡಗಳ ನೆರಳಿಗೆ ಹೋಯಿತು. ಅವಳು ಕರೆಯಲಿಲ್ಲ, ಓಡಿಸಲೂ ಇಲ್ಲ.

ಜಟ್ಟೆಪ್ಪ ದೂರದಿಂದ ನೋಡುತ್ತಿದ್ದ. ಕಲ್ಲು ತುಂಬುವಾಗ ನೋಡುತ್ತಿದ್ದ, ರೊಟ್ಟಿ ತಿನ್ನುವಾಗ ನೋಡುತ್ತಿದ್ದ. ಎಡಗಣ್ಣು ನೆಟ್ಟಗಿದೆಯೇ, ನೀರು ಸುರಿಸುತ್ತಿದೆಯೇ, ಮುಖ ನೆಲಕ್ಕೆ ತಿಕ್ಕುತ್ತಿದೆಯೇ ಎಂದು ಅಷ್ಟು ದೂರದಿಂದಲೇ ಕಾವಲು ಕಾಯ್ದ. ಭಟ್ಟಿ ಬಿಚ್ಚುವ ದಿನ ಗಾಳಿ ಆ ಕಡೆ ತಿರುಗಿದರೆ ಕಲ್ಲು ಎಸೆದು ನಾಯಿಯನ್ನು ಇನ್ನೂ ದೂರ ಓಡಿಸುತ್ತಿದ್ದ. ಕಲ್ಲು ಎಸೆಯುವವನ ಮೇಲೆ ಅದಕ್ಕೆ ಇನ್ನಷ್ಟು ಭಯ ಹುಟ್ಟಿತು. ಅವನಿಗೆ ಅದು ಗೊತ್ತಿತ್ತು, ಆದರೂ ಎಸೆಯುತ್ತಿದ್ದ. ರಾತ್ರಿಯ ಊಟಕ್ಕೆ ಕೂತಾಗ ಮಾತಾಡಲು ಯಾರೂ ಇರಲಿಲ್ಲ. ಮಾತು ಬೇಡವೆಂದು ಬದುಕಿದವನಿಗೆ ಮಾತಿನ ಹಸಿವು ಆಗ ಗೊತ್ತಾಯಿತು.

ಒಂದು ವರ್ಷ ಹೀಗೆ ಹೋಯಿತು. ಮುಂದಿನ ಯುಗಾದಿಗೆ ನಾಲ್ಕು ದಿನ ಇರುವಾಗ ಭಟ್ಟಿ ಬಿಚ್ಚಿದರು. ಬೆಳಗಿನಿಂದ ಸುಮ್ಮನಿದ್ದ ಗಾಳಿ ಇದ್ದಕ್ಕಿದ್ದಂತೆ ಸುಳಿಯಾಗಿ ಎದ್ದಿತು. ಸುಣ್ಣದ ಬುಟ್ಟಿ ಹೊತ್ತು ಹೊಂಡದ ಕಡೆ ಹೋಗುತ್ತಿದ್ದ ಒಬ್ಬ ಆಳಿನ ತಲೆಯ ಮೇಲಿಂದ ಬುಟ್ಟಿ ಜಾರಿ ಬಿತ್ತು, ಬೆಳ್ಳಗಿನ ಧೂಳು ಮೋಡದ ಹಾಗೆ ಎದ್ದಿತು. ಅದರ ನಡುವಿನಿಂದ ಕೆಂಚಿಯ ಕೂಗು ಕೇಳಿತು.

ನಾಯಿ ಹೊರಗೆ ಬಂತು. ಬಲಗಣ್ಣು ಮೊದಲೇ ಇರಲಿಲ್ಲ, ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು. ಫರಸಿ ಕಲ್ಲಿನ ರಾಶಿಗೆ ಹೋಗಿ ಬಡಿದುಕೊಂಡಿತು, ಬಿತ್ತು, ಮತ್ತೆ ಎದ್ದು ಓಡಿತು. ಜಟ್ಟೆಪ್ಪ “ಕೆಂಚೀ!” ಎಂದು ಕೂಗಿದ. ಅದೇ ತಪ್ಪಾಯಿತು. ಆ ದನಿ ಕೇಳಿದ್ದೇ ತಡ, ಅದು ದನಿಯ ವಿರುದ್ಧ ದಿಕ್ಕಿಗೆ ಕುರುಡಾಗಿ ಧಾವಿಸಿ ಭೀಮಬಾಯಿಯ ಕೊಡಗಳ ನಡುವೆ ನುಗ್ಗಿತು. ಒಂದು ಕೊಡ ಉರುಳಿತು. ಭೀಮಬಾಯಿ ಕೂತು ಅದನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

ಸಾಯಬಣ್ಣ ಆಗಲೇ ಔಡಲೆಣ್ಣೆಯ ಬಾಟಲಿ ಹಿಡಿದು ಓಡಿಬಂದಿದ್ದ. ಅವನಿಗೂ ಪಾಪ, ನಾಯಿಯ ಮೇಲೆ ಕನಿಕರವಿತ್ತು.

“ಎಣ್ಣಿ ಬ್ಯಾಡ!” ಎಂದ ಜಟ್ಟೆಪ್ಪ.

ಅಷ್ಟು ಜೋರಾದ ದನಿಯನ್ನು ಭಟ್ಟಿಯ ಜನ ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಬುಟ್ಟಿಗಳು ನಿಂತವು. ಅವನು ಮುಂದೆ ಹೋದ. ಅವನ ಹೆಜ್ಜೆಯ ಸದ್ದಿಗೆ ಕೆಂಚಿ ಒದ್ದಾಡಿ, ತೊಡೆಯಿಂದ ಜಾರಿ, ಮುಖವನ್ನು ಸುಣ್ಣ ಬೆರೆತ ಉಸುಕಿಗೆ ಒತ್ತಿ ಉಜ್ಜತೊಡಗಿತು. ಜಟ್ಟೆಪ್ಪ ನಿಂತ. ಒಂದು ಹೆಜ್ಜೆ ಮುಂದಿಟ್ಟರೆ ಅದು ತನ್ನ ಕಣ್ಣನ್ನು ತಾನೇ ಗೀರಿ ಹಾಳುಮಾಡಿಕೊಳ್ಳುತ್ತದೆ. ಏನು ಮಾಡಬೇಕೆಂದು ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ನಾಯಿಯನ್ನು ಮುಟ್ಟಲಾರದವನೂ ಅವನೊಬ್ಬನೇ. ಇಂಥ ಹಣೆಬರಹ ಶತ್ರುವಿಗೂ ಬೇಡ.

ಅವನು ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತ. ಹನ್ನೊಂದು ವರ್ಷದ ಮೇಲೆ ಭೀಮಬಾಯಿಯ ಮುಖ ನೋಡಿದ.

“ಭೀಮಬಾಯಿ, ಅದನ್ನ ಹಿಡಿ. ಮಾರಿ ತಿಕ್ಕಲಿಕ್ಕ ಬಿಡಬ್ಯಾಡ. ಒಣ ಸೆರಗಿಲಿಂದ ಮಾರಿ ಝಾಡಿಸು. ಆಮ್ಯಾಲ ನೀರು ಹಾಕು.”

“ನೀರಾ?” ಸಾಯಬಣ್ಣ ಕಿರುಚಿದ. “ತಲಿ ಕೆಟ್ಟದೇನೋ ನಿನಗ? ಕಣ್ಣು ಕುದ್ದು ಹೋದೀತು!”

ಭೀಮಬಾಯಿ ನಾಯಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. “ನಿನ್ನ ಮಾತು ನಂಬಿ ಇದರ ಕಣ್ಣು ಸುಡಲೇನು?” ಎಂದಳು. “ಒಂದು ಮಾತಿಗಿ ಹೂಂ ಇಲ್ಲ ಅನ್ನಲಾರದ ಮನುಷ್ಯಾ ನೀ. ನಿನ್ನ ಮಾತು ಹ್ಯಾಂಗ ನಂಬಲಿ?”

ಜಟ್ಟೆಪ್ಪ ಹೇಳಬಾರದೆಂದು ಒಂದು ವರ್ಷ ನುಂಗಿಕೊಂಡು ಕೂತಿದ್ದನ್ನು ಎಲ್ಲರ ಮುಂದೆ ಹೇಳಿದ.

“ಹೋದ ಸಲ ಇದರ ಕಣ್ಣು ಸುಣ್ಣದಿಂದ ಹೋಗಿಲ್ಲ. ನಾ ಕಳದೀನಿ. ಎಂಟು ದಿನ ಎಣ್ಣಿ ಬಿಟ್ಟು, ಕಾಲಾಗ ಒತ್ತಿ ಹಿಡಿದು, ನನ್ನ ಕೈಯಾರೆ ಕಳದೀನಿ. ಅದಕ್ಕ ಅದು ನನ್ನ ಹತ್ರ ಬರಂಗಿಲ್ಲ. ಬೊಗಸಿ ನೀರು ಹಾಕಬ್ಯಾಡ, ಕೊಡ ಸುರು. ನಿನ್ನ ಕಾಲು ಬೀಳ್ತೀನಿ, ಜಲ್ದಿ ಸುರು.”

ಭೀಮಬಾಯಿ ಸೆರಗಿನಿಂದ ಕೆಂಚಿಯ ಮುಖದ ಧೂಳನ್ನು ಝಾಡಿಸಿ, ಬಗಲಿನಲ್ಲಿ ಅದರ ಮೈ ಇರುಕಿಕೊಂಡು, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಕೊಡ ಬಗ್ಗಿಸಿದಳು.

“ಮೂಗಿನ ಕಡಿಂದ. ಹೊರಗ ಹೋಗ್ಲಿ. ಎತ್ತರಿಂದ ಬ್ಯಾಡ, ಹತ್ರ ಹಿಡಿ. ಹಾಂ, ಹಂಗ. ನಿಲ್ಲಸಬ್ಯಾಡ.” ಜಟ್ಟೆಪ್ಪ ದೂರದಿಂದಲೇ ಹೇಳಿಕೊಡುತ್ತಿದ್ದ.

ಮೊದಲ ಕೊಡಕ್ಕೆ ಕೆಂಚಿ ಮೈಯೆಲ್ಲ ನಡುಗಿಸಿ ಅರಚಿತು. ಮೂರನೆಯ ಕೊಡಕ್ಕೆ ಒದೆಯುವುದನ್ನು ನಿಲ್ಲಿಸಿತು. ಕೊಡ ತಂದುಕೊಡುವ ಕೆಲಸ ಜಟ್ಟೆಪ್ಪ ತಾನೇ ಮಾಡಿದ. ಸದ್ದಾಗದ ಹಾಗೆ ತಂದು, ನಾಲ್ಕು ಮಾರು ದೂರದಲ್ಲಿ ಇಟ್ಟು, ಹಿಂದೆ ಸರಿಯುತ್ತಿದ್ದ. ನೀರು ಹೊರುವ ಹೆಂಗಸರು ಅಲ್ಲಿಂದ ಎತ್ತಿ ಕೊಡುತ್ತಿದ್ದರು. ಸುಣ್ಣ ಅರಳಿಸಲು ತುಂಬಿಟ್ಟ ನೀರೆಲ್ಲ ನಾಯಿಯ ಕಣ್ಣಿಗೆ ಖರ್ಚಾಯಿತು, ಹೊಂಡದ ಕೆಲಸ ನಿಂತಿತು. ಸಾವಕಾರರಿಗೆ ಏನು ಹೇಳಲಿ ಎಂದು ಸಾಯಬಣ್ಣ ಗೊಣಗುತ್ತಲೇ ಇದ್ದ. ಗೊಣಗುತ್ತಲೇ ಹನ್ನೆರಡನೆಯ ಕೊಡವನ್ನು ಅವನೇ ಹೊತ್ತು ತಂದ. ಆಮೇಲೆ ರೆಪ್ಪೆ ಬಿಡಿಸಿ ನೋಡಿದ ಭೀಮಬಾಯಿ, “ಕೆಂಪಗದ. ಬೆಳ್ಳಗ ಆಗಿಲ್ಲ” ಎಂದಳು. ಜಟ್ಟೆಪ್ಪ ನಿಂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮರುದಿನ ಅವನು ಚಿತ್ತಾಪುರಕ್ಕೆ ಒಬ್ಬನೇ ನಡೆದು ಹೋಗಿ ಮೆಹತಾಬನನ್ನು ಬಂಡಿಯಲ್ಲಿ ಕರೆತಂದ. ಮೆಹತಾಬ್ ಕಣ್ಣು ನೋಡಿ ತಲೆದೂಗಿದ, ಕುದಿಸಿ ಆರಿಸಿದ ನೀರಿನಿಂದ ದಿನಕ್ಕೆ ಮೂರು ಸಲ ತೊಳೆಯಲು ಹೇಳಿದ, ಕೆರೆದುಕೊಳ್ಳದಂತೆ ಮುಂಗಾಲುಗಳಿಗೆ ಅರಿವೆ ಸುತ್ತಿದ. ಭೀಮಬಾಯಿಯ ಗುಡಿಸಲಿನಲ್ಲಿ ಬೆಳಕು ಬೀಳದ ಮೂಲೆಯಲ್ಲಿ ಕೆಂಚಿ ಮಲಗಿತು. ಎರಡು ದಿನ ಬಿಟ್ಟು ಭಟ್ಟಿಯ ಬಾಯಿಯ ಹತ್ತಿರ ನೀರು ತುಂಬಿದ ಒಂದು ಹಂಡೆ ಬಂದು ಕೂತಿತು. ಯಾಕೆಂದು ಕೇಳಿದರೆ ಸಾಯಬಣ್ಣ “ಇರ್ಲಿ” ಎಂದನೇ ಹೊರತು ಯಾರ ಬುದ್ಧಿ ಎಂದು ಹೇಳಲಿಲ್ಲ.

ಜಟ್ಟೆಪ್ಪ ದಿನಾ ಕೆಲಸ ಬಿಟ್ಟ ಮೇಲೆ ಗುಡಿಸಲಿನ ಮುಂದಿನ ಬೇವಿನ ಗಿಡದ ತನಕ ಬರುತ್ತಿದ್ದ. ಅದಕ್ಕಿಂತ ಮುಂದೆ ಬರುತ್ತಿರಲಿಲ್ಲ.

“ಕಣ್ಣಾಗ ಪಿಚ್ಚು ಬರ್ತದೇನು?”

“ನಿನ್ನಿಗಿಂತ ಕಡಿಮಿ ಅದ. ತಿಳಿ ನೀರು ಅಷ್ಟೇ.”

“ಬೆಳಕಿಗಿ ಮುಚ್ಚತದೇನು?”

“ಮುಚ್ಚತದ. ಇವತ್ತು ಅರ್ಧ ತೆರೆದಿತ್ತು.”

ಐದನೇ ದಿನ ಉತ್ತರ ಹೇಳಿ ಮುಗಿಸಿದ ಮೇಲೂ ಭೀಮಬಾಯಿ ಒಳಗೆ ಹೋಗಲಿಲ್ಲ.

“ಆವಾಗ ನೀ ಒಂದು ಮಾತು ಹೇಳಿ ಕಳಸಬೇಕಿತ್ತು. ಬ್ಯಾಡ ಅಂದಿದ್ರೂ ನಡೀತಿತ್ತು” ಎಂದಳು. “ಒಂದು ತಿಂಗಳು ದಿನಾ ತಲಿ ಬಾಚಕೊಂಡು ಕಾದೀನಿ ನಾ.”

ಜಟ್ಟೆಪ್ಪ ಬೇವಿನ ತೊಗಟೆ ಕೀಳುತ್ತ ನಿಂತ. “ಅಂಜಿಕಿ ಆಗಿತ್ತು” ಎಂದ ಕೊನೆಗೆ. “ಒಬ್ಬಾಕಿ ನನ್ನ ಕೈಯಾಗ ಹೋದಳು. ಇನ್ನೊಬ್ಬಾಕಿನೂ ಹೋದ್ರ ಅಂತ.”

“ಇಷ್ಟು ಹೇಳಿದ್ರ ಸಾಕಿತ್ತಲ್ಲ.”

“ಈಗ ಹೇಳೀನಿ.”

“ಈಗ ನನಗ ಒಬ್ಬಾಕಿ ಇರೋದೇ ರೂಢಿ ಆಗ್ಯದ, ಜಟ್ಟೆಪ್ಪ” ಎಂದಳು ಭೀಮಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಅವನು ಹೂಂ ಎಂದು ಹೇಳಿ ಹೋದ. ಮರುದಿನ ಮತ್ತೆ ಬಂದು ಪಿಚ್ಚಿನ ವಿಷಯ ಕೇಳಿದ, ಅವಳು ಹೇಳಿದಳು.

ಹನ್ನೊಂದನೇ ದಿನ ಬಿಸಿಲು ಇನ್ನೂ ಇರುವಾಗಲೇ ಭೀಮಬಾಯಿ ಕೆಂಚಿಯನ್ನು ಹೊರಗೆ ಕರೆತಂದಳು. ಮೈ ತೊಳೆದಿದ್ದಳು, ನಾಯಿ ಹೆಸರಿಗೆ ತಕ್ಕ ಹಾಗೆ ಕೆಂಪಾಗಿತ್ತು. ಎಡಗಣ್ಣು ನಿಚ್ಚಳವಾಗಿ ತೆರೆದಿತ್ತು, ನೀರಿಲ್ಲ, ಕೆಂಪಿಲ್ಲ. ಗಿಡದ ಮೇಲಿನ ಕಾಗೆಯನ್ನು ನೋಡಿತು, ಹಾರಿದ ಕಾಗೆಯ ಹಿಂದೆ ತಲೆ ತಿರುಗಿಸಿತು. ಜಟ್ಟೆಪ್ಪನಿಗೆ ನಗು ಬಂತು. ನಗುವಾಗ ಅವನ ಮುಖ ಹೀಗೆ ಕಾಣುತ್ತದೆಂದು ಭೀಮಬಾಯಿಗೂ ಗೊತ್ತಿರಲಿಲ್ಲ.

“ವಾಸಿ ಆಗ್ಯದ. ನಿನ್ನ ನಾಯಿ ನೀ ಒಯ್ಯಿ” ಎಂದು ಕೊರಳಿನ ಹಗ್ಗವನ್ನು ಅವನ ಕೈಗೆ ಕೊಟ್ಟಳು.

ಹಗ್ಗ ಹಿಡಿದು ಅವನು ಮೊಣಕಾಲೂರಿ ಕೂತ. “ಬಾರವ್ವಾ” ಎಂದು ತಲೆ ಸವರಲು ಕೈ ಚಾಚಿದ. ಕೆಂಚಿ ಓಡಲಿಲ್ಲ. ಹಗ್ಗವಿತ್ತಲ್ಲ, ಎಲ್ಲಿಗೆ ಓಡಬೇಕು? ನೆಲಕ್ಕೆ ಅಂಟಿಕೊಂಡು, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿತು. ಕೈ ಹಿಂದೆ ತಗೊಂಡ, ಕಣ್ಣು ತೆರೆಯಿತು. ಮತ್ತೆ ಮೆಲ್ಲಗೆ ಚಾಚಿದ, ಮತ್ತೆ ಮುಚ್ಚಿತು. ಕಣ್ಣಿನಲ್ಲಿ ಸುಣ್ಣವಿರಲಿಲ್ಲ, ಧೂಳಿರಲಿಲ್ಲ, ಉರಿ ಇರಲಿಲ್ಲ. ಮೂರನೇ ಸಲ ಅವನು ಕೈ ಚಾಚಲಿಲ್ಲ.

ಎದ್ದು ನಿಂತು ಹಗ್ಗವನ್ನು ಭೀಮಬಾಯಿಯ ಕೈಯಲ್ಲಿ ಇಟ್ಟ.

“ಇಲ್ಲೇ ಇರ್ಲಿ.”

“ಮತ್ತ ನೀ?” ಎಂದಳು ಅವಳು.

“ನಾ ದೂರಿಂದ ನೋಡ್ತೀನಿ. ದೂರ ಇದ್ರ ಅದು ಕಣ್ಣು ತೆರಿತದ.”

ಅವನು ಬೇವಿನ ಗಿಡದ ಆಚೆ ಹೋಗಿ ನಿಂತು ತಿರುಗಿ ನೋಡಿದ. ಕೆಂಚಿ ಭೀಮಬಾಯಿಯ ಕಾಲಿಗೆ ಒರಗಿ ಕೂತು, ಉಳಿದ ಒಂದು ಕಣ್ಣನ್ನು ಪೂರಾ ತೆರೆದು ಅವನನ್ನೇ ನೋಡುತ್ತಿತ್ತು.